ಜಬಲ್ ಶಮ್ಸ್‌ನಿಂದ ಮೂರು ಸೊನ್ನೆ

"ನನ್ನ ಕಣ್ಣು ಸುಳ್ಳು ಅಂತ ಬರದವರು ನೀವಾ ಏನ್ರಿ?"

ಉಜ್ವಲಾ ಕಂಪ್ಯೂಟರಿನಿಂದ ತಲೆಯೆತ್ತಿದಳು.

ಮೇಜಿನ ಆಚೆ ನಿಂತಿದ್ದವನ ಬೂಟಿನ ತುಂಬ ಧೂಳು. ಬಿಸಿಲಿಗೂ ಚಳಿಗೂ ಒಡೆದ ತುಟಿ. ಕೈಯಲ್ಲಿ ಅವಳದೇ ಸಹಿಯಿದ್ದ ಒಂದು ಹಾಳೆ. ಒಮಾನಿನ ರುಸೈಲ್ ಕೈಗಾರಿಕಾ ಪ್ರದೇಶದ ಆ ಸಣ್ಣ ಕಚೇರಿಯಲ್ಲಿ ಟೈಪಿಂಗ್ ಸದ್ದು ನಿಂತಿತು. ಎಲ್ಲರೂ ಇತ್ತ ನೋಡದವರಂತೆ ಇತ್ತಲೇ ನೋಡುತ್ತಿದ್ದರು.

"ನೀವು ಯಾರ್ರಿ?"

"ಸ್ಟೇಷನ್ ಏಳು. ಜಬಲ್ ಶಮ್ಸ್ ಗುಡ್ಡ. ಹೆಸರು ಶಿವಶರಣ."

ಅವಳಿಗೆ ಅರ್ಥವಾಯಿತು. ಕಂಪನಿಯ ಕೆಲಸವೇ ಅದು. ಗುಡ್ಡದ ರಸ್ತೆಗಳ ಪಕ್ಕ ಹವಾಮಾನದ ಉಪಕರಣ ಇಟ್ಟು, ಚಳಿ, ಗಾಳಿ, ಮಳೆಯ ಲೆಕ್ಕವನ್ನು ರಸ್ತೆ ನೋಡಿಕೊಳ್ಳುವವರಿಗೆ ಕಳಿಸುವುದು. ಬಂದ ಅಂಕಿಗಳನ್ನು ಪರೀಕ್ಷಿಸಿ, ಅನುಮಾನ ಬಂದದ್ದಕ್ಕೆ ಗೆರೆ ಎಳೆಯುವುದು ಉಜ್ವಲಾಳ ಕೆಲಸ. ಆ ವಾರ ಅವಳು ಎಳೆದ ಗೆರೆಯೊಂದು ಮೂರು ತಾಸು ಪ್ರಯಾಣ ಮಾಡಿ ಎದುರಿಗೆ ಬಂದು ನಿಂತಿತ್ತು.

"ಹಿಮ ಬಿತ್ತಂತ ಬರದಿದ್ದೆ. ನೀವು ಅದರ ಮ್ಯಾಲೆ ಗೆರಿ ಹೊಡದು, ನಂಬಾಕ ಬರಂಗಿಲ್ಲ ಅಂದೀರಿ. ನನಗ ವಾರ್ನಿಂಗ್ ಲೆಟರ್ ಬಂತು."

"ಅವತ್ತು ಥರ್ಮಾಮೀಟರ್ ಮೂರು ಡಿಗ್ರಿ ತೋರಸಾಕತ್ತಿತ್ರಿ. ಮೂರು ಡಿಗ್ರಿಯೊಳಗ ಹಿಮ ಹೆಂಗ ಬೀಳ್ತೈತಿ?"

"ಬಿತ್ತು. ನನ್ನ ತೋಳಿನ ಮ್ಯಾಲೆ ಬಿತ್ತು."

"ಮೊದಲು ಯಾವಾಗರ ಹಿಮ ನೋಡಿದ್ರೇನು?"

"ಇಲ್ಲ. ಇಂಡಿ ತಾಲೂಕಿನ್ಯಾಗ ಎಲ್ಲಿಂದ ನೋಡ್ಲಿ? ನೀವು?"

ಗುಳೇದಗುಡ್ಡದ ಉಜ್ವಲಾ ಫ್ರಿಜ್ಜಿನ ಹಿಮವೊಂದನ್ನು ಬಿಟ್ಟು ಇನ್ನಾವುದನ್ನೂ ಕಂಡವಳಲ್ಲ. ಕಣ್ಣನ್ನು ಅವನ ಕೈಯ ಹಾಳೆಯ ಕಡೆ ತಿರುಗಿಸಿದಳು.

"ಇಬ್ರೂ ನೋಡಿದ್ದಿಲ್ಲ," ಎಂದ ಅವನು. ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಆದ್ರ ಅವತ್ತು ನಾ ಹೊರಗಿದ್ದೆ, ನೀವು ಒಳಗಿದ್ರಿ."

ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಅವತ್ತು ಸಂಜೆಯವರೆಗೆ ಉಜ್ವಲಾ ಪುಸ್ತಕ ತೆಗೆದಳು, ಇಂಟರ್ನೆಟ್ ಜಾಲಾಡಿದಳು. ಗಾಳಿ ಒಣಗಿದ್ದರೆ ಮೂರು ಡಿಗ್ರಿಯಲ್ಲೂ ಹಗುರವಾಗಿ ಹಿಮ ಬೀಳಬಹುದು... ಬೀಳುತ್ತದೆ. ಗೆರೆ ಅಳಿಸಿದಳು. ಪತ್ರ ವಾಪಸಾಗುವಂತೆ ಮಾಡಿದಳು. ಸ್ಟೇಷನ್ ಏಳಕ್ಕೆ ಒಂದೇ ಸಾಲು ಕಳಿಸಿದಳು: ತಪ್ಪು ನನ್ನದು.

ಮರುದಿನ ಬೆಳಿಗ್ಗೆ ಅಂಕಿಗಳ ಜೊತೆ, ಕೊನೆಯ ಷರಾ ಕಾಲಮ್‌ನಲ್ಲಿ ಕನ್ನಡದಲ್ಲಿ ಒಂದು ಸಾಲು ಬಂದಿತ್ತು.

"ಸಿಟ್ಟು ಹೋತು. ಗಾಳಿ ಉತ್ತರದಿಂದ."

ಪ್ರೀತಿ ಹುಟ್ಟಲು ಇದಕ್ಕಿಂತ ಒಣ ಜಾಗ ಒಮಾನಿನಲ್ಲಿ ಇನ್ನೊಂದು ಸಿಗಲಾರದು. ಆದರೂ ಹುಟ್ಟಿತು, ಏನು ಮಾಡುವುದು!

ಒಂದು ವರ್ಷ ಆ ಕಾಲಮ್ ಖಾಲಿ ಉಳಿಯಲಿಲ್ಲ. "ಒಂದು ಆಡು ಬಂದು ಪೆಟ್ಟಿಗಿ ಮೂಸಿ ಹೋತು. ಮಳಿ ಇಲ್ಲ." "ಹುಣ್ಣಿವಿ ಐತಿ. ನಿಮ್ಮಲ್ಲಿ ಲೈಟು ಜಾಸ್ತಿ, ಕಾಣಂಗಿಲ್ಲ." ಉಜ್ವಲಾ ದಿನಾ ಅಂಕಿಗಿಂತ ಮೊದಲು ಷರಾ ಓದುತ್ತಿದ್ದಳು. ಉತ್ತರವನ್ನು ಅಲ್ಲೇ ಕೆಳಗೆ ಬರೆಯುತ್ತಿದ್ದಳು. ಫೋನಿನಲ್ಲಿ ಮಾತ್ರ ಇಬ್ಬರೂ ಡಿಗ್ರಿ, ಮಿಲಿಮೀಟರ್ ಬಿಟ್ಟು ಬೇರೆ ಆಡಿದವರಲ್ಲ.

ಕೆಟ್ಟದ್ದು ಶುರುವಾಗಿದ್ದು ಗುರುವಾರ.

ಮ್ಯಾನೇಜರ್ ಸಚ್ಚಿದಾನಂದ ಅವರು ಹೊರಗಿನಿಂದ ಬಂದಿದ್ದ ನಾಲ್ಕು ಜನರಿಗೆ ದೊಡ್ಡ ಪರದೆಯ ಮೇಲೆ ಸ್ಟೇಷನ್ ಏಳರ ಫೈಲು ತೆರೆದು ತೋರಿಸುತ್ತಿದ್ದರು. ಬಂದವರಲ್ಲಿ ಒಬ್ಬರಿಗೆ ಕನ್ನಡ ಬರುತ್ತಿತ್ತು. ಅವರು ಷರಾವನ್ನು ಗಟ್ಟಿಯಾಗಿ ಓದಿಬಿಟ್ಟರು.

"ನಿನ್ನೆ ನಿಮ್ಮ ದನಿ ಕಟ್ಟಿತ್ತು. ಶುಂಠಿ ಕಷಾಯ ಕುಡೀರಿ. ಆಕಾಶದ ಎಂಟರಲ್ಲಿ ಐದು ಪಾಲು ಮೋಡ."

ಇಡೀ ಕಚೇರಿ ನಕ್ಕಿತು.

"ನೋಡಮ್ಮ ಉಜ್ವಲಾ," ಎಂದರು ಸಚ್ಚಿದಾನಂದ, ಬಂದವರು ಹೋದ ಮೇಲೆ. "ಷರಾ ಅಂದ್ರೆ ಲವ್ ಲೆಟರ್ ಅಲ್ಲ. ಇದು ಆಫೀಸಿನ ರೆಕಾರ್ಡ್. ನಿಮಗೆ ನಂಬರ್ ಸಾಕು."

ಉಜ್ವಲಾಳ ಕಿವಿಯವರೆಗೂ ಬಿಸಿಯೇರಿತು. ಅದೇ ಸಿಟ್ಟಿನಲ್ಲಿ, ಅದೇ ನಾಚಿಕೆಯಲ್ಲಿ, ತನ್ನ ಕಂಪ್ಯೂಟರಿನಲ್ಲಿ ಷರಾ ಕಾಲಮ್ಮನ್ನೇ ಮರೆಮಾಡಿಬಿಟ್ಟಳು. ಭಾನುವಾರ ಹೇಳಿದರಾಯಿತು, ಇನ್ನು ಹಾಗೆಲ್ಲ ಬರೆಯಬೇಡಿ ಅಂತ... ಹೇಗೆ ಹೇಳುವುದು?

ಅವನಿಗೆ ಹೇಳಲಿಲ್ಲ. ಅದೊಂದೇ ಅವಳು ಮಾಡಿದ ತಪ್ಪು. ಆದರೆ ಜನವರಿಯ ಆ ವಾರದಲ್ಲಿ ಮಾಡಿದಳು.

* * *

ಶುಕ್ರವಾರ ರಜೆ. ಕಚೇರಿಯಲ್ಲಿ ಒಬ್ಬರು ಮಾತ್ರ ಡ್ಯೂಟಿ. ಆ ವಾರದ ಪಾಳಿ ಉಜ್ವಲಾಳದು. ಅಲ್ ಮಬೇಲಾದ ಫ್ಲ್ಯಾಟಿನಲ್ಲಿ ಅವಳ ಜೊತೆಗಿರುವ ಪ್ರಿನ್ಸಿ ಬೆಳಿಗ್ಗೆ ಆರಕ್ಕೆ ಕಾರಿನಲ್ಲಿ ತಂದು ಬಿಟ್ಟಳು.

"ಎಂತ ಚಳಿ ಮಾರಾಯ್ತಿ," ಎಂದಳು ಪ್ರಿನ್ಸಿ ಗಾಜು ಏರಿಸುತ್ತ. "ನಮ್ಮ ಶಿರ್ವದ ಗುಂಪಿನವರೆಲ್ಲ ಹಿಮ ನೋಡಲಿಕ್ಕೆ ಗುಡ್ಡಕ್ಕೆ ಹೋಗುವ ಅಂತ ರಾತ್ರಿಯಿಂದ ಮೆಸೇಜ್ ಹಾಕ್ತಾ ಇದ್ದಾರೆ. ನನಗೆ ಯಾಕೋ ಮನಸ್ಸಿಲ್ಲ."

"ಯಾಕ?"

"ಗೊತ್ತಿಲ್ಲ. ಆಕಾಶದ ಬಣ್ಣ ಸರಿ ಇಲ್ಲ."

ಉಜ್ವಲಾ ನೋಡಿದಳು. ನಿಜ. ಪಶ್ಚಿಮಕ್ಕೆ, ಗುಡ್ಡಗಳಿರುವ ಕಡೆ, ಸೀಸದ ಬಣ್ಣದ ಮೋಡ ನೆಲದವರೆಗೆ ಇಳಿದಿತ್ತು. ಗುಡ್ಡಗಳೇ ಕಾಣುತ್ತಿರಲಿಲ್ಲ.

ಬುಧವಾರದ ಬಿರುಗಾಳಿಗೆ ಸ್ಟೇಷನ್ ಏಳರ ತಂತಿ ಹರಿದಿತ್ತು. ಯಂತ್ರ ತಾನಾಗಿ ಅಂಕಿ ಕಳಿಸುತ್ತಿರಲಿಲ್ಲ. ಚಳಿ ಹೆಚ್ಚಾದ ದಿನ ತಾಸಿಗೊಮ್ಮೆ ಶಿವಶರಣನೇ ಹೊರಗೆ ಹೋಗಿ, ಬಿಳಿ ಪೆಟ್ಟಿಗೆಯೊಳಗಿನ ಗಾಜಿನ ಥರ್ಮಾಮೀಟರ್ ಓದಿ, ಮೊಬೈಲಿನಿಂದ ಕಳಿಸಬೇಕಿತ್ತು. ಕರೆ ಹತ್ತದಿದ್ದರೂ ಮೆಸೇಜು ಹೇಗೋ ದಾಟಿ ಬರುತ್ತಿತ್ತು.

ಏಳು ಗಂಟೆಗೆ ಬಂತು: 0.0.

ಎಂಟಕ್ಕೆ ಬಂತು: 0.0.

ಉಜ್ವಲಾಳ ಹುಬ್ಬು ಗಂಟಿಕ್ಕಿತು. ಅದೇ ರಸ್ತೆಯಲ್ಲಿ ಕೆಳಗಿದ್ದ ಸ್ಟೇಷನ್ ಆರು ಇನ್ನೂ ತಾನಾಗಿಯೇ ಅಂಕಿ ಕಳಿಸುತ್ತಿತ್ತು. ಅಲ್ಲಿ ಏಳಕ್ಕೆ ಮೈನಸ್ ಒಂದು, ಎಂಟಕ್ಕೆ ಮೈನಸ್ ಒಂದೂಮುಕ್ಕಾಲು. ಮೇಲೆ ಹೋದಷ್ಟೂ ಚಳಿ ಹೆಚ್ಚಬೇಕು. ಮೇಲಿನದು ಬೆಚ್ಚಗಿರುವುದು ಹೇಗೆ?

ಒಂಬತ್ತಕ್ಕೆ ಬಂತು: 0.0.

ಈ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳಿಗೆ ಕಲಿಸಿದ್ದರು. ಸತತ ಮೂರು ಸಲ ಒಂದೇ ಅಂಕಿ ಬಂದರೆ ಆ ಮನುಷ್ಯ ಹೊರಗೆ ಹೋಗಿಲ್ಲ ಅಂತ ತಿಳಿ. ಕಳೆದ ಬೇಸಿಗೆಯಲ್ಲಿ ಇನ್ನೊಂದು ಸ್ಟೇಷನ್ನಿನವನು ಹಾಸಿಗೆಯಲ್ಲಿ ಮಲಗಿಕೊಂಡೇ ತಿಂಗಳಿಡೀ ಅಂಕಿ ಬರೆದಿದ್ದ.

ಆದರೆ ಶಿವಶರಣ?

'ಇವನೂ ಹಂಗs ಏನು... ಒಂದು ವರ್ಷ ನಾ ಓದಿದ್ದೆಲ್ಲ ಹೀಟರ್ ಮುಂದ ಕುಂತು ಬರದಿದ್ದಾ?'

ಫೋನ್ ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಿದಳು. ನಾಲ್ಕನೆಯ ಸಲ ಗರಗರ ಸದ್ದಿನ ನಡುವೆ ಅವನ ದನಿ ಕೇಳಿತು.

"ಉಜ್ವಲಾ?"

ಅವನು ಎಂದೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಬೇರೆ ದಿನವಾಗಿದ್ದರೆ ಅದೊಂದೇ ಕರೆಗೆ ಅವಳು ವಾರವಿಡೀ ಬದುಕುತ್ತಿದ್ದಳು.

"ಮೂರು ಸಲ ಸೊನ್ನಿ ಕಳಿಸೀರಲ್ಲ, ಶಿವಶರಣ ಅವರ. ಕೆಳಗ ಮೈನಸ್ ಎರಡು ಐತಿ. ಒಳಗ ಹೀಟರ್ ಮುಂದ ಕುಂತು ಬರ್ಯಾಕತ್ತೀರೇನು?"

ಗಾಳಿಯ ಸದ್ದು.

"ಮೊದ್ಲ ಷರಾ ಓದ್ರಿ," ಎಂದ. "ಉಜ್ವಲಾ, ಷರಾ..."

ಲೈನು ಕಡಿಯಿತು.

ಮತ್ತೆ ಹಚ್ಚಿದರೆ, ನೀವು ಕರೆಮಾಡಿದವರು ಸಂಪರ್ಕದಲ್ಲಿಲ್ಲ ಎಂಬ ಹೆಣ್ಣುದನಿ. ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಅವಳು ಮರೆಮಾಡಿದ ಕಾಲಮ್ಮನ್ನು ತೆರೆದಳು.

ಏಳು ಗಂಟೆ: "ಜಿನುಗು ಮಳಿ. ಬಿದ್ದಲ್ಲೇ ಗಟ್ಟಿ ಆಗಾಕತ್ತೈತಿ. ಥರ್ಮಾಮೀಟರ್ ತುದಿಗೂ ಬರ್ಫ ಹತ್ತೈತಿ, ಅದಕ್ಕ ಸೊನ್ನಿ ಬಿಟ್ಟು ಕೆಳಗ ಇಳಿವಲ್ದು. ನಂಬರ್ ನಂಬಬ್ಯಾಡ್ರಿ."

ಎಂಟು ಗಂಟೆ: "ಫೋನ್ ಹತ್ತವಲ್ದು. ರಸ್ತಾ ಪೂರ್ತಿ ಗಾಜು ಹಾಸಿದಂಗ ಆಗೈತಿ. ಹಿಮ ನೋಡಾಕ ಗಾಡಿ ಮ್ಯಾಲೆ ಬರಾಕತ್ತಾವು. ರಸ್ತಾ ಬಂದ್ ಮಾಡಸ್ರಿ. ಉಜ್ವಲಾ, ಲಗೂ."

ಒಂಬತ್ತು ಗಂಟೆ: "ಯಾರೂ ಬರಲಿಲ್ಲ. ನಾನ ನಡಕೋಂತ ಕೆಳಗ ಹೊಂಟೀನಿ, ಗಾಡಿ ನಿಲ್ಲಸಾಕ."

ಉಜ್ವಲಾ ಕುರ್ಚಿಯಿಂದ ಎದ್ದಳು. ಎದ್ದವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಎರಡು ತಾಸು! ಅವನು ಎರಡು ತಾಸಿನಿಂದ ಕೂಗುತ್ತಿದ್ದ. ಕೂಗಿದ್ದು ಅವಳಿಗೊಬ್ಬಳಿಗೇ ಕೇಳುವ ಜಾಗದಲ್ಲಿ, ಯಾಕೆಂದರೆ ಅವಳು ಅದನ್ನೇ ಮೊದಲು ಓದುತ್ತಾಳೆಂದು ಅವನು ನಂಬಿದ್ದ.

* * *

ಸಚ್ಚಿದಾನಂದ ಅವರು ಫೋನಿನಲ್ಲಿ ಪೂರ್ತಿ ಕೇಳಿದರು. ನಿನ್ನೆ ನಕ್ಕ ದನಿ ಅದಾಗಿರಲಿಲ್ಲ.

"ಪೊಲೀಸರಿಗೆ ಈಗಲೇ ಹೇಳ್ತೇನೆ. ನೀವು ಟೇಬಲ್ ಬಿಟ್ಟು ಏಳಬೇಡಿ."

ಅರ್ಧ ಗಂಟೆಯಲ್ಲಿ ಗುಡ್ಡದ ಬುಡದಲ್ಲಿ ರಸ್ತೆ ಮುಚ್ಚಿದರು. ಆದರೆ ಬೆಳಗಿನಿಂದ ಎಷ್ಟು ಗಾಡಿ ಮೇಲೆ ಹೋಗಿವೆಯೋ ಯಾರಿಗೂ ಗೊತ್ತಿರಲಿಲ್ಲ. ರಕ್ಷಣಾ ದಳದವರು ಇನ್ನೊಂದು ಕಡೆ ಮಳೆಗೆ ಉಕ್ಕಿದ ವಾದಿ ಹಳ್ಳದ ನೀರಿನಲ್ಲಿ ಸಿಕ್ಕಿದ್ದ ಬಸ್ಸಿನ ಬಳಿ ಇದ್ದರು. ತಡವಾಗುತ್ತದೆ ಎಂದರು. ಸ್ಟೇಷನ್ ಏಳರಿಂದ ಹತ್ತು ಗಂಟೆಯ ಅಂಕಿ ಬರಲಿಲ್ಲ.

ಮೂರು ವರ್ಷದಲ್ಲಿ ಆ ಸ್ಟೇಷನ್ನಿನ ಒಂದು ಸಾಲೂ ಖಾಲಿ ಬಿಟ್ಟಿರಲಿಲ್ಲ ಅವನು.

ಉಜ್ವಲಾ ಪ್ರಿನ್ಸಿಗೆ ಫೋನ್ ಮಾಡಿದಳು.

"ಕಾರ್ ತಗೊಂಡು ಬಾ."

"ಎಲ್ಲಿಗೆ ಹೋಗ್ಲಿಕ್ಕೆ ಉಂಟು?"

"ಗುಡ್ಡಕ್ಕ."

ಪ್ರಿನ್ಸಿ ಎರಡನೇ ಪ್ರಶ್ನೆ ಕೇಳಲಿಲ್ಲ. ಅಂಥ ಗೆಳತಿಯರು ಕಡಿಮೆ.

ಹೊರಡುವ ಮುನ್ನ ಉಜ್ವಲಾ ಡ್ಯೂಟಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಬರೆದಳು: ನಾನು ಮೇಜು ಬಿಟ್ಟು ಹೋಗಿದ್ದೇನೆ. ಕೆಲಸ ಹೋದರೆ ಹೋಗಲಿ ಅಂತ ಧೈರ್ಯವಾಗಿ ಅಂದುಕೊಂಡಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ಕೆಲಸದ ನೆನಪೇ ಇರಲಿಲ್ಲ.

ಫಂಜಾ ಊರು ದಾಟಿತು. ನಿಜ್ವಾ ರಸ್ತೆಯ ಎರಡೂ ಬದಿ ಗುಡ್ಡಗಳು ಕಪ್ಪಾಗಿ ನೆನೆದು ನಿಂತಿದ್ದವು. ಎದುರಿಗೆ ಹೋದಷ್ಟೂ ಮೋಡ ಕೆಳಗೆ ಬರುತ್ತಿತ್ತು. ಕಾರಿನ ಹೊರಗಿನ ಚಳಿ ತೋರಿಸುವ ಅಂಕಿ ಹದಿನೇಳು, ಹದಿಮೂರು, ಒಂಬತ್ತು ಎಂದು ಇಳಿಯುವುದನ್ನು ಉಜ್ವಲಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಏನಾದ್ರೂ ಮಾತಾಡು," ಎಂದಳು ಪ್ರಿನ್ಸಿ.

"ನಾ ಅವನಿಗೆ ಕಡೀಕ ಏನಂದೆ ಗೊತ್ತೇನು? ಹೀಟರ್ ಮುಂದ ಕುಂತೀರೇನು ಅಂದೆ. ಅವ ಹೊರಗ ಬರ್ಫದಾಗ ನಿಂತಿದ್ದ, ಪ್ರಿನ್ಸಿ."

"ಕೊನೆಗೆ ಅಂತ ಯಾಕೆ ಹೇಳ್ತಿ? ಇನ್ನೂ ಮಾತಾಡ್ಲಿಕ್ಕೆ ಉಂಟು ನಿಂಗೆ."

"ಇಲ್ಲದಿದ್ರ?"

ಪ್ರಿನ್ಸಿ ಕುತ್ತಿಗೆಯ ಶಿಲುಬೆಯನ್ನು ಒಮ್ಮೆ ಮುಟ್ಟಿಕೊಂಡು ಆಕ್ಸಿಲರೇಟರ್ ಒತ್ತಿದಳು.

'ಅವ ಒಮ್ಮಿ ಬಯ್ಯಲಿ. ನನ್ನ ಮುಂದ ನಿಂತು ಬಯ್ಯಲಿ. ಅಷ್ಟs ಸಾಕು...'

* * *

ಗುಡ್ಡದ ಬುಡದ ಘುಲ್ ಹಳ್ಳಿ ತಲುಪಿದಾಗ ಹನ್ನೆರಡೂಮುಕ್ಕಾಲು. ಜುಮ್ಮಾ ನಮಾಜು ಮುಗಿದು ಜನ ಮಸೀದಿಯಿಂದ ಹೊರಬರುತ್ತಿದ್ದರು. ಅವರಲ್ಲಿ ಯೂಸುಫ್ ಇದ್ದ. ವಾರಕ್ಕೆರಡು ಸಲ ಸ್ಟೇಷನ್ನಿಗೆ ನೀರು, ದಿನಸಿ ಮುಟ್ಟಿಸುವ ನಡುವಯಸ್ಸಿನ ಒಮಾನಿ ಆತ. ಅವನ ಹೆಸರನ್ನೂ ಉಜ್ವಲಾ ಷರಾಗಳಲ್ಲಿ ಓದಿ ಬಲ್ಲಳು. ಕೇಳಿಕೊಂಡು ಅವನ ಬಳಿಗೆ ಓಡಿ, ನಡೆದದ್ದನ್ನು ಹೇಳಿದಳು.

ಯೂಸುಫ್ ಹಿಂದಿಯಲ್ಲಿ ಮಾತಾಡಿದ. ಬೆಳಗಿನ ಜಾವವೇ ತನ್ನ ಆಡುಗಳೆಲ್ಲ ಯಾರೂ ಕರೆಯದೆ ಗುಡ್ಡದಿಂದ ಕೆಳಗೆ ಬಂದುಬಿಟ್ಟಿವೆ, ತನ್ನ ಅಪ್ಪನ ಕಾಲದಲ್ಲಿ ಒಂದು ಸಲ ಹಾಗೆ ಬಂದಿದ್ದವು ಎಂದ. ಆಗ ಏನಾಗಿತ್ತು ಎಂದು ಉಜ್ವಲಾ ಕೇಳಿದಳು.

ಯೂಸುಫ್ ತನ್ನ ಪಿಕಪ್ಪಿನ ಚಕ್ರಗಳಿಗೆ ದಪ್ಪ ಹಗ್ಗ ಸುತ್ತಿ ಬಿಗಿದ. ಹಿಂದೆ ಇನ್ನೂ ಎರಡು ಸುರುಳಿ ಹಗ್ಗ, ಕಂಬಳಿ ಎಸೆದ.

"ಯಲ್ಲಾ, ಹೊರಡೋಣ," ಎಂದ.

ತಡೆಯಲ್ಲಿದ್ದ ಪೊಲೀಸನಿಗೆ ಯೂಸುಫನ ಪರಿಚಯವಿತ್ತು. ಗಾಡಿ ಬಿಟ್ಟ. ಪ್ರಿನ್ಸಿ ಕೆಳಗೇ ಉಳಿದಳು, ಫೋನ್ ಸಿಗುವ ಜಾಗ ಅದೊಂದೇ ಆಗಿತ್ತು.

ಮೊದಲ ತಿರುವುಗಳಲ್ಲಿ ರಸ್ತೆ ಒದ್ದೆ, ಅಷ್ಟೆ. ಮೇಲಕ್ಕೆ ಹೋದಂತೆ ಮಂಜು ಗಾಡಿಯನ್ನು ನುಂಗಿತು. ಎದುರಿಗೆ ನಾಲ್ಕು ಮಾರು ರಸ್ತೆ ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ರಸ್ತೆ ಹೊಳೆಯತೊಡಗಿತು. ಮುಳ್ಳುಗಿಡಗಳ ಒಂದೊಂದು ಕಡ್ಡಿಗೂ ಗಾಜು ತೊಡಿಸಿದಂತಿತ್ತು. ಗಾಳಿಗೆ ಅವು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಯೂಸುಫ್ ನಡೆಯುವಷ್ಟೇ ನಿಧಾನಕ್ಕೆ ಗಾಡಿ ಹತ್ತಿಸಿದ.

ಒಂದು ಸಮತಟ್ಟು ಜಾಗದಲ್ಲಿ ಹದಿಮೂರು ಕಾರುಗಳು ಸಾಲಾಗಿ ನಿಂತಿದ್ದವು. ಎದುರಿಗೆ ರಸ್ತೆಗೆ ಅಡ್ಡ ಕಲ್ಲು ಪೇರಿಸಿತ್ತು.

ಒಂದು ಕಾರಿನ ಗಾಜು ಇಳಿಯಿತು. ಹೊಟ್ಟೆಪಾಡಿಗೆ ಸೀಬ್‌ನಲ್ಲಿ ಅಂಗಡಿ ಇಟ್ಟಿದ್ದ ಕೇರಳದವನೊಬ್ಬ ಒಳಗಿದ್ದ. ಅವನು ಹೇಳಿದ್ದಿಷ್ಟು. ಬೆಳಿಗ್ಗೆ ಒಬ್ಬ ಇಂಡಿಯನ್ ಮೇಲಿನಿಂದ ಬೀಳುತ್ತ ಏಳುತ್ತ ಓಡಿಬಂದು ತಮ್ಮನ್ನೆಲ್ಲ ಇಲ್ಲಿ ನಿಲ್ಲಿಸಿದ. ಕಲ್ಲು ಅಡ್ಡ ಇಟ್ಟ. ಅಷ್ಟರಲ್ಲಿ ಮೇಲೆ ಗಾಡಿ ಜಾರಿದ ಸದ್ದಾಯಿತು. ಗುಡ್ಡದ ಮೇಲೆ ರಾತ್ರಿ ತಂಗಿದ್ದ ಯಾರೋ ಇಳಿಯುತ್ತಿದ್ದರಂತೆ. ಅವನು ಮತ್ತೆ ಮೇಲಕ್ಕೆ ಓಡಿದ.

"ಎಷ್ಟು ಹೊತ್ತಾಯ್ತು?" ಉಜ್ವಲಾ ಹಿಂದಿಯಲ್ಲಿ ಕೇಳಿದಳು.

"ಆಗ ಹತ್ತು ಗಂಟೆ ಇರಬಹುದು. ಕೂಗಿದೆವು. ಉತ್ತರ ಬರಲಿಲ್ಲ."

ಈಗ ಎರಡಾಗಲು ಹತ್ತು ನಿಮಿಷ.

ಕಲ್ಲು ಸರಿಸಿ ಮುಂದೆ ಹೋದರು. ಎರಡು ತಿರುವು ಏರಿದ ಮೇಲೆ ಮಂಜಿನಲ್ಲಿ ಕಿತ್ತಳೆ ಬಣ್ಣ ಕಂಡಿತು. ಮನುಷ್ಯ ನಿಂತಂತೆಯೇ ಇತ್ತು. ಗಾಡಿ ನಿಲ್ಲುವ ಮೊದಲೇ ಉಜ್ವಲಾ ಧುಮುಕಿದಳು. ಜಾರಿ ಮಂಡಿಯೂರಿ ಬಿದ್ದಳು. ಎದ್ದು ಹೋದಳು.

ಅದು ಬರೀ ಜಾಕೆಟ್ಟು. ರಸ್ತೆ ಬದಿಯ ಕಂಬಕ್ಕೆ ತೋಳುಗಳನ್ನು ಬಿಗಿದು ಕಟ್ಟಿತ್ತು, ಬರುವ ಗಾಡಿಗಳಿಗೆ ಕಾಣಲೆಂದು. ಎದೆಯ ಮೇಲೆ ಕಂಪನಿಯ ಗುರುತು, ಅದರ ಕೆಳಗೆ ಅವನ ಹೆಸರು. ಬಟ್ಟೆ ಹಲಗೆಯಷ್ಟು ಗಟ್ಟಿಯಾಗಿತ್ತು.

ಈ ಚಳಿಯಲ್ಲಿ ಜಾಕೆಟ್ ಇಲ್ಲದೆ... ನಾಲ್ಕು ತಾಸು...

ಕಂಬದ ಆಚೆ ಅಂಚಿನ ಕಲ್ಲು ಕಿತ್ತುಹೋಗಿತ್ತು. ಕೆಳಗೆ ಬಿಳಿ ಮಂಜು ಮಾತ್ರ.

"ಶಿವಶರಣ!"

ಕೂಗು ಕಣಿವೆಯೊಳಗೆ ಬಿತ್ತು. ತಿರುಗಿ ಬರಲಿಲ್ಲ.

ಯೂಸುಫ್ ಅವಳ ಭುಜ ಹಿಡಿದು ಹಿಂದಕ್ಕೆಳೆದ. ತುಟಿಯ ಮೇಲೆ ಬೆರಳಿಟ್ಟ. ಇಬ್ಬರೂ ಉಸಿರು ಹಿಡಿದು ನಿಂತರು.

ಟಕ್.

ಟಕ್. ಟಕ್.

ಕೆಳಗೆಲ್ಲೋ ಯಾರೋ ಕಲ್ಲಿನಿಂದ ತಗಡು ಬಡಿಯುತ್ತಿದ್ದರು.

* * *

ಮಂಜು ಸ್ವಲ್ಪ ಸರಿದಾಗ ಕಂಡಿತು. ಮೂರಾಳುದ್ದ ಕೆಳಗೆ, ಒಂದು ಬಂಡೆಗೆ ಒರಗಿ ಬಿಳಿ ಕಾರೊಂದು ಮಗ್ಗುಲಾಗಿತ್ತು. ಬಂಡೆಯ ಮರೆಯಲ್ಲಿ ಗಂಡ ಹೆಂಡತಿ ಇಬ್ಬರು, ಕಾರಿನ ಸೀಟಿನ ಹೊದಿಕೆ, ಕಾಲೊರಸು ಎಲ್ಲವನ್ನೂ ಹೊದ್ದು ಮುದುಡಿ ಕೂತಿದ್ದರು. ಅವರಿಗೆ ಗಾಳಿ ತಾಗದಂತೆ ಅಡ್ಡ ಕೂತಿದ್ದವನು ಶಿವಶರಣ. ಅಂಗಿಯ ಮೇಲೊಂದು ತೆಳು ಸ್ವೆಟರ್. ಒಡೆದ ಗಾಜಿನಿಂದ ಆ ಇಬ್ಬರನ್ನು ಹೊರಗೆಳೆದಿದ್ದ. ಆಮೇಲೆ ಮೇಲೆ ಹತ್ತಲು ಹೋದಾಗಲೆಲ್ಲ ಜಾರಿ ಮತ್ತೆ ಅಲ್ಲಿಗೇ ಬಿದ್ದಿದ್ದ. ಕೂಗಿ ಕೂಗಿ ದನಿ ಹೋಗಿತ್ತು. ಫೋನು ಕಣಿವೆಯ ಪಾಲಾಗಿತ್ತು.

ಯೂಸುಫ್ ಹಗ್ಗ ಇಳಿಬಿಟ್ಟ. ಮೊದಲು ಹೆಂಗಸು, ಆಮೇಲೆ ಅವಳ ಗಂಡ, ಸೊಂಟಕ್ಕೆ ಬಿಗಿದುಕೊಂಡು ಮೇಲೆ ಬಂದರು. ಅಳುತ್ತಿದ್ದ ಅವರನ್ನು ಕಂಬಳಿ ಹೊದಿಸಿ ಪಿಕಪ್ಪಿನಲ್ಲಿ ಕೂರಿಸಿದರು.

ಮೂರನೆಯ ಸಲ ಹಗ್ಗ ಇಳಿಯಿತು. ಯೂಸುಫ್ ಕಾದ. ಹಗ್ಗ ಬಿಗಿಯಾಗಲಿಲ್ಲ.

"ಕಟ್ಟ್ಕೋರಿ," ಎಂದು ಉಜ್ವಲಾ ಕೂಗಿದಳು.

ಕೆಳಗಿನಿಂದ ಪಿಸುಮಾತಿನಂಥ ದನಿ ಬಂತು. "ಬೆರಳು ಮಡಚವಲ್ವು. ಗಂಟು ಹಾಕಾಕ ಬರವಲ್ದು."

ಹಗ್ಗವನ್ನು ಎರಡು ಕೈಗಳ ನಡುವೆ ಒತ್ತಿ ಹಿಡಿಯಲು ನೋಡಿದ. ಅದು ಜಾರಿ ಬಿತ್ತು. ಮತ್ತೆ ನೋಡಿದ. ಮತ್ತೆ ಬಿತ್ತು. ಆಮೇಲೆ ಬಂಡೆಗೆ ಒರಗಿ ಸುಮ್ಮನೆ ಕೂತುಬಿಟ್ಟ. ಉಜ್ವಲಾಳನ್ನು ಎಲ್ಲಕ್ಕಿಂತ ಹೆದರಿಸಿದ್ದು ಅವನು ಹಾಗೆ ಕೂತದ್ದು.

ಅವಳು ಹಗ್ಗ ಮೇಲೆಳೆದು ತನ್ನ ಸೊಂಟಕ್ಕೆ ಸುತ್ತಿಕೊಂಡಳು.

ಯೂಸುಫ್ ಬೇಡವೆಂದು ತಲೆಯಾಡಿಸಿದ. ಅವಳ ಮುಖ ನೋಡಿ, ಗಂಟನ್ನು ಇನ್ನೊಮ್ಮೆ ಬಿಗಿದ.

ಇಳಿಯುವಾಗ ಮೊಣಕೈ ತರಚಿತು, ಕೆನ್ನೆ ತರಚಿತು. ಕಾಲು ಬಂಡೆಗೆ ತಾಗಿದಾಗ ಅವನು ಅವಳನ್ನು ನೋಡುತ್ತಿದ್ದ, ಆದರೆ ಗುರುತು ಹಿಡಿದಂತೆ ಇರಲಿಲ್ಲ. ರೆಪ್ಪೆಯ ಮೇಲೆ ಬರ್ಫವಿತ್ತು.

"ಶಿವಶರಣ ಅವರ, ಇಲ್ನೋಡ್ರಿ. ನಾನು."

"ಉಜ್ವಲಾ? ನೀವ್ಯಾಕ ಇಳದ್ರಿ?"

"ಗಂಟು ಹಾಕಾಕ."

ಅವಳು ತನ್ನ ಸೊಂಟದ ಗಂಟಿನಾಚೆ ಉಳಿದ ಹಗ್ಗವನ್ನು ಅವನ ತೋಳಿನಡಿ ಹಾಯಿಸಿ ಎದೆಗೆ ಬಿಗಿಯತೊಡಗಿದಳು. ಅಷ್ಟು ಹತ್ತಿರ ಅವರಿಬ್ಬರೂ ಎಂದೂ ನಿಂತಿರಲಿಲ್ಲ. ಅವನ ಮೈ ನಡುಗುತ್ತಲೂ ಇರಲಿಲ್ಲ. ನಡುಗುವುದು ನಿಂತರೆ ಕೆಟ್ಟದ್ದು ಎಂದು ಅವಳು ಎಲ್ಲೋ ಓದಿದ್ದಳು.

"ನಾ ಹೀಟರ್ ಮುಂದ ಇರಲಿಲ್ರಿ," ಎಂದ ಅವನು.

ಅವಳ ಕೈ ನಿಂತಿತು. ನಾಲ್ಕು ತಾಸು ಆ ಚಳಿಯಲ್ಲಿ ಅವನು ಆ ಮಾತನ್ನೇ ಹಿಡಿದು ಕೂತಿದ್ದ.

"ಗೊತ್ತೈತ್ರಿ," ಎಂದಳು. ಕಣ್ಣೀರು ಕೆನ್ನೆಯ ಗಾಯಕ್ಕೆ ಇಳಿದು ಉರಿಯಿತು. "ನಾ ಷರಾ ಓದಲಿಲ್ಲ. ನಿನ್ನೆ ಮುಚ್ಚಿಟ್ಟಿದ್ದೆ. ನೀವು ಕಷಾಯ ಕುಡೀರಿ ಅಂತ ಬರದಿದ್ದು ಎಲ್ಲಾರ ಮುಂದ ಓದಿ ನಕ್ಕರು. ನನಗ ನಾಚಿಕಿ ಬಂತು. ಅದಕ್ಕ ಎರಡು ತಾಸು ತಡಾ ಆತು. ಈ ಕಾರು ಬಿದ್ದದ್ದು, ನೀವು ಹಿಂಗ ಆಗಿದ್ದು, ಎಲ್ಲಾ ನನ್ನಿಂದ."

"ಕಷಾಯಕ್ಕ ಯಾಕ ನಾಚಿಕಿ?"

"ಅವರು ಲವ್ ಲೆಟರ್ ಅಂದಿದ್ದು ಸುಳ್ಳಾಗಿದ್ರ ನಾನೂ ನಗ್ತಿದ್ದೆ, ಶಿವಶರಣ. ಖರೇ ಇತ್ತು. ಅದಕ್ಕ ನಗಾಕ ಬರಲಿಲ್ಲ."

ಕೇಳಿಸಿತೋ ಇಲ್ಲವೋ ಎಂದು ಅವಳು ಮುಖವೆತ್ತಿದಳು. ಅವನ ಗಮನ ಅವಳ ತೋಳಿನ ಮೇಲಿತ್ತು.

ಕಪ್ಪು ಸ್ವೆಟರಿನ ಮೇಲೆ ಒಂದು ಬಿಳಿ ಚೂರು ಬಂದು ಕೂತಿತ್ತು. ಅದರ ಪಕ್ಕ ಇನ್ನೊಂದು. ಗಾಳಿ ನಿಂತಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ, ಎಣಿಸಬಹುದಾದಷ್ಟೇ ಬೀಳುತ್ತಿತ್ತು.

"ಇದಾ?" ಎಂದಳು ಅವಳು.

"ಇದಾ."

ಅಷ್ಟು ಮೆಲ್ಲಗೆ ಬೀಳುವ ಆ ಹಿಮವನ್ನು ಕಂಡು ಉಜ್ವಲಾಳಿಗೆ ಸಂತೋಷವಾಗಲಿಲ್ಲ. ಭಯವಾಯಿತು. ಇನ್ನು ಸ್ವಲ್ಪ ಹೊತ್ತು ಬಿದ್ದರೆ ಅದು ಕಾರನ್ನೂ ಬಂಡೆಯನ್ನೂ ಮುಚ್ಚುತ್ತದೆ, ತಾನು ಬರದೆ ಇದ್ದಿದ್ದರೆ ಅವನನ್ನೂ ಮುಚ್ಚುತ್ತಿತ್ತು. ಗಂಟನ್ನು ಎಳೆದು ನೋಡಿದಳು. ಇನ್ನೊಂದು ಗಂಟು ಹಾಕಿದಳು. ಅವನ ಎರಡೂ ತೋಳುಗಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಎಳೆಯಿರಿ ಎಂದು ಕೂಗಿದಳು.

ಮೇಲೆ ಯೂಸುಫ್ ಹಗ್ಗವನ್ನು ಪಿಕಪ್ಪಿಗೆ ಬಿಗಿದು ಗೇರು ಹಾಕಿದ. ಚಕ್ರ ಒಮ್ಮೆ ಸುಮ್ಮನೆ ತಿರುಗಿತು. ಹಗ್ಗ ಸಡಿಲಾಯಿತು, ಇಬ್ಬರೂ ಒಂದು ಮೊಳ ಕೆಳಗೆ ಜಾರಿದರು. ಉಜ್ವಲಾ ಕಣ್ಣು ಮುಚ್ಚಿದಳು. ಚಕ್ರ ಮತ್ತೆ ಕಚ್ಚಿತು. ಇಂಚು ಇಂಚಾಗಿ ಮೇಲೆ ಬಂದರು.

* * *

ಪಿಕಪ್ಪಿನ ಒಳಗೆ ಹೀಟರ್ ಓಡುತ್ತಿತ್ತು. ಮುಂದೆ ಯೂಸುಫನ ಪಕ್ಕ ಆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಪ್ಪಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಕಂಬಳಿಯೊಳಗೆ ಶಿವಶರಣ. ಅವನ ಬೆರಳುಗಳು ಮೇಣದಂತೆ ಬಿಳಿಚಿದ್ದವು. ಬಡಿದರೆ ಮರದ ಸದ್ದು ಬರುವಂತಿದ್ದವು.

ಗಾಡಿ ಆಮೆಯ ನಡಿಗೆಯಲ್ಲಿ ಇಳಿಯುತ್ತಿತ್ತು. ಆಸ್ಪತ್ರೆ ಇನ್ನೂ ಎರಡು ತಾಸಿನ ದೂರ.

"ಕೈ ಕೊಡ್ರಿ," ಎಂದಳು ಉಜ್ವಲಾ.

ಅವನು ಮುಂದೆ ಕೂತವರ ಕಡೆ ನೋಡಿ ಹಿಂಜರಿದ. ಅವಳು ಕಾಯಲಿಲ್ಲ. ಅವನ ಎರಡೂ ಕೈಗಳನ್ನು ತೆಗೆದು ತನ್ನ ಸ್ವೆಟರಿನೊಳಗೆ, ಕಂಕುಳ ಬಿಸಿಯಲ್ಲಿ ಒತ್ತಿ ಹಿಡಿದಳು. ಕಲ್ಲು ಇಟ್ಟುಕೊಂಡಂತೆ ಕೊರೆಯಿತು. ಹಲ್ಲು ಕಚ್ಚಿದಳು.

"ಏನರ ಗೊತ್ತಾಗಾಕತ್ತೈತೇನು?"

"ಇಲ್ಲ."

ಒಂದು ತಿರುವು ಇಳಿಯಿತು. ಇನ್ನೊಂದು ಇಳಿಯಿತು.

"ಈಗ?"

"ಇಲ್ರಿ." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. "ಬೆರಳು ಹೋದ್ರ ಈ ಕೆಲಸ ಮಾಡಾಕ ಬರಂಗಿಲ್ಲ. ಪೆನ್ನು ಹಿಡಿಯಾಕ ಬರಂಗಿಲ್ಲ."

"ನೀವು ಹೇಳ್ರಿ, ನಾ ಬರೀತೀನಿ."

"ದಿನಾ?"

"ದಿನಾ. ಒಂದs ಮನ್ಯಾಗ ಇದ್ರ ಏನು ಕಷ್ಟ?"

ಅವನು ಅವಳತ್ತ ತಿರುಗಿದ. ಉಜ್ವಲಾ ಮುಖ ತಗ್ಗಿಸಲಿಲ್ಲ. ಅವಳ ಕೆನ್ನೆಯ ಗಾಯ ಒಣಗಿ ಕಪ್ಪಾಗಿತ್ತು, ಕೂದಲಿಂದ ಕರಗಿದ ನೀರು ಇಳಿಯುತ್ತಿತ್ತು. ಆ ಅವತಾರದಲ್ಲಿ ಹೆಣ್ಣೊಬ್ಬಳು ಮದುವೆಯ ಮಾತಾಡಿದ್ದು ಗುಳೇದಗುಡ್ಡದ ಅವಳ ಅವ್ವನಿಗೆ ತಿಳಿದರೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದಳು.

"ನನಗ ಬರೇ ಉಜ್ವಲಾ ಅಂದಿದ್ರಿ ಮುಂಜಾನೆ," ಎಂದಳು ಮೆಲ್ಲಗೆ. "ಮತ್ತ ರೀ ಹಚ್ಚಬ್ಯಾಡ."

ಅವನು ಏನೋ ಹೇಳಲು ಬಾಯಿ ತೆರೆದ. ಆದರೆ ಮಾತಿನ ಬದಲು ಒಂದು ನರಳಿಕೆ ಬಂತು. ಹುಬ್ಬು ಗಂಟಿಕ್ಕಿತು. ಹಣೆಯ ಮೇಲೆ ಬೆವರು ಮೂಡಿತು.

"ಏನಾತು?" ಅವಳು ಗಾಬರಿಯಾದಳು.

"ಉರಿ," ಎಂದ ಅವನು ಹಲ್ಲು ಕಚ್ಚಿ. "ಬೆರಳು... ಬೆಂಕಿ ಇಟ್ಟಂಗ ಉರಿಯಾಕತ್ತಾವು."

ಉಜ್ವಲಾ ನಕ್ಕಳು. ನಗುತ್ತ ಅತ್ತಳು. ಅವನ ಕೈಗಳನ್ನು ಇನ್ನಷ್ಟು ಒತ್ತಿ ಹಿಡಿದಳು.

"ಬಿಡ್ಲೇನು? ಭಾಳ ಉರೀತೈತೇನು?"

"ಭಾಳ ಉರೀತೈತಿ," ಎಂದ ಅವನು. ಕಣ್ಣಲ್ಲಿ ನೀರು ತುಂಬಿತ್ತು. "ಬಿಡಬ್ಯಾಡ, ಉಜ್ವಲಾ."